ಹೊಸ ಫ್ರಾಕು ಸರಿಯಾಗೇ ಕೂತಿತ್ತು

ಅಷ್ಟು ಸಾಧು ಮಗುವನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಮೂಲೆಮನೆಯ ಮುಂದಿನ ಕೋಣೆಯೇ ಟೈಲರಕ್ಕನ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಉದ್ದನೆಯ ಕಟಿಂಗ್ ಮೇಜು, ಬಾಗಿಲ ಬಳಿ ಅತ್ತೆಯ ಕುರ್ಚಿ. ಕಣ್ಣು ಮಂಜಾಗುವವರೆಗೆ ಅತ್ತೆಯೇ ಆ ಯಂತ್ರ ತುಳಿದವರು. ಈಗ ಕೈಯಂದಾಜಿನಲ್ಲೇ ಗುಂಡಿ ಹಚ್ಚುತ್ತಾರೆ, ಕಾಜಾ ಮಾಡುತ್ತಾರೆ. ಬಂದ ಗಿರಾಕಿಗಳನ್ನೆಲ್ಲ ಮಾತಾಡಿಸುವ ಕೆಲಸವನ್ನು ಯಾರೂ ಅವರಿಗೆ ವಹಿಸಿರಲಿಲ್ಲ, ಅವರೇ ವಹಿಸಿಕೊಂಡಿದ್ದರು. ಮೇಜಿನ ಕೆಳಗೆ ಚೂರುಬಟ್ಟೆಯ ರಾಶಿಯ ಮೇಲೆ ಟೈಲರಕ್ಕನ ಮಗಳು ಕೂತಿರುತ್ತಿದ್ದಳು. ಬರುವ ತಿಂಗಳಿಗೆ ಅವಳಿಗೆ ಐದು ತುಂಬುತ್ತಿತ್ತು. ಕೂರಿಸಿದಲ್ಲೇ ಕೂರುವವಳು ಎಂದು ಎಲ್ಲರೂ ಅವಳನ್ನು ಬೊಂಬೆ ಎಂದೇ ಕರೆಯುತ್ತಿದ್ದರು.

ಸೂಜಿಡಬ್ಬಿ ಕೈಗೆಟಕುವ ಹಾಗಿದ್ದರೂ ಬೊಂಬೆ ಮುಟ್ಟುತ್ತಿರಲಿಲ್ಲ. ಕೂಗಿದರೆ ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ತಿರುಗುತ್ತಿದ್ದಳು. ಬೇಸಿಗೆಯಲ್ಲೂ ಒಂದು ಚೂರುಬಟ್ಟೆ ಹೊದ್ದು ಮಧ್ಯಾಹ್ನದವರೆಗೂ ನಿದ್ದೆ ಹೋಗುತ್ತಿದ್ದಳು.

“ನಮ್ಮನೇಲೂ ಒಂದಿದೆ, ಮನೆ ಚಾವಣಿ ಕೀಳೋದೊಂದು ಬಾಕಿ. ನಿಮ್ಮ ಬೊಂಬೆ ನೋಡಿದ್ರೆ ಹೊಟ್ಟೆ ಉರಿಯುತ್ತೆ” ಎಂದು ಗಿರಾಕಿಗಳು ಹೇಳಿದರೆ ಅತ್ತೆಯ ಮುಖ ಅರಳುತ್ತಿತ್ತು.

“ಉರ್ಕೊಳ್ಳಿ, ಉರ್ಕೊಳ್ಳಿ. ಕಣ್ಣು ಮಾತ್ರ ಹಾಕಬೇಡಿ” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನರ್ಸಕ್ಕ ಬಂದಳು. ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವವಳು. ಸಮವಸ್ತ್ರದ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಬೇಕಿತ್ತು.

“ಮತ್ತೆ ದಪ್ಪ ಆದ್ಯೇನೇ?” ಎಂದರು ಅತ್ತೆ.

“ಬಟ್ಟೆ ಕುಗ್ಗಿದೆ ಅಜ್ಜಿ.”

“ಹೂಂ. ಎಲ್ಲರ ಬಟ್ಟೇನೂ ಕುಗ್ಗುತ್ತೆ. ನಮಗೆ ಅದರಿಂದಲೇ ಊಟ.”

ಟೈಲರಕ್ಕ ಆಗ ಬೊಂಬೆಗೆ ಹುಟ್ಟುಹಬ್ಬದ ಫ್ರಾಕು ತೊಡಿಸಿ ನೋಡುತ್ತಿದ್ದಳು. ಹಳದಿ ಬಟ್ಟೆ, ಬಿಳಿ ಕಾಲರು. ಭುಜದ ಹೊಲಿಗೆ ಭುಜದ ಮೇಲೇ ಕೂತಿತ್ತು. ಅಂಚು ಮೊಣಕಾಲಿಗೆ ಸರಿಯಾಗಿ ಮುಟ್ಟಿತ್ತು.

“ಚೆನ್ನಾಗಿದೆ. ಮೂರು ತುಂಬುತ್ತಾ ಅವಳಿಗೆ?” ಎಂದಳು ನರ್ಸಕ್ಕ.

“ಐದು.”

“ಐದಾ?” ನರ್ಸಕ್ಕ ಕೆಳಗೆ ಕೂತು ಬೊಂಬೆಯ ಮುಖ ನೋಡಿದಳು. ಒಣಗಿದ ಕೆನ್ನೆ ಸವರಿದಳು. ಬೊಂಬೆ ಸುಮ್ಮನೆ ಸವರಿಸಿಕೊಂಡಳು. “ಅಳತೆ ಎಷ್ಟು ಬಂತು ಟೈಲರಕ್ಕ, ಉದ್ದ?”

“ಅಳತೆ ಯಾಕೆ? ಹಳೇ ಫ್ರಾಕನ್ನ ಬಟ್ಟೆ ಮೇಲಿಟ್ಟು ಕತ್ತರಿಸಿದೆ. ಸರಿಯಾಗೇ ಕೂತಿದೆಯಲ್ಲ.”

“ಹಳೇದು ಅಂದ್ರೆ ಯಾವಾಗಿಂದು?”

“ಹೋದ ಹುಟ್ಟುಹಬ್ಬದ್ದು.”

“ಅದನ್ನ ಹೇಗೆ ಕತ್ತರಿಸಿದ್ರಿ?”

“ಅದರ ಹಿಂದಿನ ವರ್ಷದ್ದು ಇಟ್ಟು...” ಎಂದವಳು ಅಲ್ಲಿಗೇ ನಿಂತಳು.

ಕೆಲಸದ ಒತ್ತಡದಲ್ಲಿ ಗಿರಾಕಿಗಳ ಬಟ್ಟೆ ಮೊದಲು, ಮನೆಯದು ಕೊನೆಗೆ. ಬೀದಿಯ ಮಕ್ಕಳನ್ನೆಲ್ಲ ನಿಲ್ಲಿಸಿ ಟೇಪು ಹಿಡಿದು “ಅಬ್ಬಾ, ಈ ವರ್ಷ ಎರಡು ಇಂಚು ಏರಿದ್ದಾನೆ ನಿಮ್ಮ ಮಗ” ಎಂದು ಹೇಳುವವಳು ತನ್ನ ಮಗಳಿಗೆ ಮಾತ್ರ ಎರಡು ವರ್ಷದಿಂದ ಟೇಪು ಹಿಡಿದಿರಲಿಲ್ಲ. ಹಳೆಯ ಫ್ರಾಕಿನಿಂದ ಹೊಸ ಫ್ರಾಕು, ಅದರಿಂದ ಇನ್ನೊಂದು. ಬೆಳೆಯೋ ಮಗು ಎಂದು ಪ್ರತಿ ಫ್ರಾಕಿನ ಅಂಚಿನಲ್ಲೂ ನಾಲ್ಕು ಬೆರಳು ಒಳಮಡಿಕೆ ಬಿಟ್ಟಿದ್ದಳು. ಆ ಮಡಿಕೆ ಬಿಚ್ಚುವ ಕೆಲಸವೇ ಬಂದಿರಲಿಲ್ಲ. ಬಟ್ಟೆ ಸರಿಯಾಗಿ ಕೂತರೆ ಟೈಲರಿಗೆ ಸಂತೋಷ. ಯಾಕೆ ಸರಿಯಾಗಿ ಕೂತಿತು ಎಂದು ಯಾವ ಟೈಲರು ತಲೆ ಕೆಡಿಸಿಕೊಳ್ಳುತ್ತಾಳೆ?

ಅವಳು ಅಳತೆ ಪುಸ್ತಕ ತೆಗೆದು ಹಿಂದಕ್ಕೆ ಹಿಂದಕ್ಕೆ ಮಗುಚಿದಳು. ಮೂರನೇ ಹುಟ್ಟುಹಬ್ಬದ ಹಿಂದಿನ ವಾರ ಬರೆದ ಪುಟ ಸಿಕ್ಕಿತು. ಕೊರಳಿಂದ ಟೇಪು ಎಳೆದು ಬೊಂಬೆಯ ಭುಜಕ್ಕೆ ಹಿಡಿದಳು. ಇನ್ನೊಮ್ಮೆ ಹಿಡಿದಳು. ಎರಡು ವರ್ಷಕ್ಕೆ ಬಂದ ವ್ಯತ್ಯಾಸ ಒಂದು ಬೆರಳು.

“ನಮ್ಮ ಮನೆತನವೇ ಕುಳ್ಳು. ನಾನೇನು ದೀಪದ ಕಂಬದಷ್ಟು ಇದ್ದೀನಾ?” ಎಂದರು ಅತ್ತೆ. ಆದರೆ ಅವರ ಸೂಜಿ ನಿಂತಿತ್ತು.

“ಕುಳ್ಳಾಗಿರೋದು ಬೇರೆ ಅಜ್ಜಿ, ಬೆಳೆಯೋದು ನಿಂತಿರೋದು ಬೇರೆ. ನಮ್ಮ ಮಕ್ಕಳ ಡಾಕ್ಟರಿಗೆ ಒಂದ್ಸಲ ತೋರಿಸಿ.”

“ಮಕ್ಕಳ ಡಾಕ್ಟರಾ? ಡಾಕ್ಟರಲ್ಲೂ ಗಂಡಸರ ಟೈಲರು, ಹೆಂಗಸರ ಟೈಲರು ಅಂತ ಬೇರೆ ಬೇರೆನಾ? ನಮ್ಮ ಬೀದಿ ಡಾಕ್ಟರಿಲ್ವಾ? ನನಗೂ ಅವರೇ, ನನ್ನ ಮಗನಿಗೂ ಅವರೇ. ಇವಳಿಗೆ ಹೊಟ್ಟೆ ಕಟ್ಟುತ್ತೆ ಅಂದಾಗ ಔಷಧಿ ಕೊಟ್ಟಿದ್ರು. ಅದು ಮುಗೀತು. ಈಗ ನನ್ನ ಹೊಟ್ಟೆ ಮಾತ್ರೇಲೇ ಅರ್ಧ ಮುರಿದು ಕೊಡ್ತೀನಿ.”

ನರ್ಸಕ್ಕ ಕಣ್ಣರಳಿಸಿದಳು. “ನಿಮ್ಮ ಮಾತ್ರೆನಾ?”

“ಅರ್ಧ ಕಣಮ್ಮ, ಪೂರ್ತಿ ಅಲ್ಲ. ಸಣ್ಣ ಮಗು ಅಂತ ನನಗೆ ತಿಳಿಯಲ್ವಾ?”

“ಅಜ್ಜಿ, ಒಂದು ಕೇಳ್ತೀನಿ. ದೊಡ್ಡವರ ಅಂಗಿ ಅಳತೆನೆಲ್ಲ ಅರ್ಧ ಮಾಡಿಬಿಟ್ರೆ ಮಗೂ ಅಂಗಿ ಆಗುತ್ತಾ?”

ಅತ್ತೆ ನಕ್ಕರು. ತಮ್ಮ ವಿದ್ಯೆಯ ವಿಷಯ ಬಂದರೆ ಅವರು ಬಿಡುವವರಲ್ಲ. “ಹಾಗೆ ಹೊಲಿದ್ರೆ ತಲೆನೇ ತೂರಲ್ಲ! ಮಗೂಗೆ ಮೈ ಚಿಕ್ಕದು, ತಲೆ ದೊಡ್ಡದು. ಕುತ್ತಿಗೆ ಇರೋದೇ ಇಲ್ಲ. ಹೊಟ್ಟೆ ಮುಂದೆ. ಕಂಕುಳ ಹತ್ರ ಸಡಿಲ ಬಿಡಬೇಕು, ಇಲ್ಲಾಂದ್ರೆ ಕೈ ಎತ್ತಿದ ತಕ್ಷಣ ಪರ್ ಅನ್ನುತ್ತೆ. ಮಕ್ಕಳ ಕಟಿಂಗೇ ಬೇರೆ. ನನ್ನ ಸೊಸೆಗೆ ಅದನ್ನ ಕಲಿಸೋಕೆ ನನಗೆ ಒಂದು ವರ್ಷ ಹಿಡೀತು.”

“ಅಷ್ಟೇ ಅಜ್ಜಿ ನಾನು ಹೇಳೋದೂ” ಎಂದಳು ನರ್ಸಕ್ಕ.

“ಬಟ್ಟೆ ಬೇರೆ, ಮೈ ಬೇರೆ” ಎಂದು ಅತ್ತೆ ಗೊಣಗಿ ಗುಂಡಿಯ ಕಡೆ ತಿರುಗಿದರು.

ಟೈಲರಕ್ಕನ ಗಂಡ ಲಾರಿ ಓಡಿಸುವವನು, ಊರಲ್ಲಿರಲಿಲ್ಲ. ಫೋನಿನಲ್ಲಿ ಎಲ್ಲ ಕೇಳಿ, “ನನ್ನನ್ನೇನು ಕೇಳ್ತೀಯ, ನಾಳೇನೇ ಹೋಗು” ಎಂದ. ಮರುದಿನ ಅವಳು ಅಂಗಡಿಯ ಬಾಗಿಲು ಅರ್ಧ ಹಾಕಿ, ಲಸಿಕೆ ಕಾರ್ಡು, ಅಳತೆ ಪುಸ್ತಕ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು. ಅಳತೆ ಪುಸ್ತಕ ಯಾಕೆ ತೆಗೆದುಕೊಂಡೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮಕ್ಕಳ ಡಾಕ್ಟರ ಕೋಣೆಯಲ್ಲಿ ಅವಳಿಗೆ ಮೊದಲು ಕಂಡಿದ್ದು ಗೋಡೆಗೆ ನಿಲ್ಲಿಸಿದ ಉದ್ದನೆಯ ಹಲಗೆ. ಅದರ ತುಂಬ ಗೆರೆಗಳು. ಡಾಕ್ಟರು ಬೊಂಬೆಯ ಚಪ್ಪಲಿ ಬಿಚ್ಚಿಸಿದರು. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಮೂರೂ ಹಲಗೆಗೆ ತಾಗುವಂತೆ ನಿಲ್ಲಿಸಿದರು. ಗಲ್ಲವನ್ನು ತುಸು ಎತ್ತಿ, ನೆತ್ತಿಯ ಮೇಲೆ ಒಂದು ಪಟ್ಟಿ ಇಳಿಸಿ ಅಂಕಿ ಓದಿದರು. ಮತ್ತೆ ನಿಲ್ಲಿಸಿದರು, ಮತ್ತೆ ಓದಿದರು. ಮೂರನೇ ಸಲವೂ ಅಳೆದಾಗ ಟೈಲರಕ್ಕನಿಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ಪ್ರಶ್ನೆಗಳು ಶುರುವಾದವು. ಅವಳು ಕಾದಿದ್ದು ಜ್ವರ, ಕೆಮ್ಮು, ಊಟ. ಅವರು ಕೇಳಿದ್ದೇ ಬೇರೆ. ಹೋದ ವರ್ಷದ ಚಪ್ಪಲಿ ಈಗಲೂ ಆಗುತ್ತಾ? ಬೇರೆ ಮಕ್ಕಳು ಬೆವರುವಾಗ ಇವಳಿಗೆ ಚಳಿ ಆಗುತ್ತಾ? ಎಷ್ಟು ದಿನಕ್ಕೊಮ್ಮೆ ಕಕ್ಕಸಿಗೆ ಹೋಗ್ತಾಳೆ? ಕೂದಲು ಒರಟಾಗಿದೆಯಾ? ನೀವೆಷ್ಟು ಎತ್ತರ, ಇವರಪ್ಪ ಎಷ್ಟು? ಬೀಳ್ತಾಳಾ?

“ಬೀಳೋದಾ? ಓಡಿದ್ರೆ ತಾನೇ ಡಾಕ್ಟ್ರೇ ಬೀಳೋದು. ಇವಳು ತುಂಬಾ ಸಾಧು.”

ಡಾಕ್ಟರು ಪೆನ್ನು ನಿಲ್ಲಿಸಿ ತಲೆಯೆತ್ತಿದರು. “ಯಾವಾಗಿಂದ ಸಾಧು?”

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಯೋಚಿಸಿದಳು. ಎರಡೂವರೆ ವರ್ಷದವಳಿದ್ದಾಗ ಬೊಂಬೆ ಇಸ್ತ್ರಿ ಪೆಟ್ಟಿಗೆಯ ವೈರು ಎಳೆದು ಕೆಡವಿದ್ದು ನೆನಪಾಯಿತು. ಅಂದರೆ ಹುಟ್ಟಿನಿಂದ ಸಾಧು ಅಲ್ಲ. ಆ ತುಂಟತನ ಯಾವಾಗಲೋ ಒಂದು ದಿನ ನಿಂತುಹೋಗಿತ್ತು. ಮನೆಯವರು ಅದನ್ನು ಬುದ್ಧಿ ಬಂತು ಎಂದುಕೊಂಡಿದ್ದರು.

“ಇವೆಲ್ಲ ಯಾಕೆ ಕೇಳ್ತೀರಿ ಡಾಕ್ಟ್ರೇ?” ಎಂದು ಧೈರ್ಯ ಮಾಡಿ ಕೇಳಿದಳು.

ಅವರಿಗೆ ಬೇಸರವಾದಂತೆ ಕಾಣಲಿಲ್ಲ. “ಒಳ್ಳೇ ಪ್ರಶ್ನೆ. ದೊಡ್ಡವರು ತಮಗೆ ಏನಾಗ್ತಿದೆ ಅಂತ ಬಾಯಲ್ಲಿ ಹೇಳ್ತಾರೆ. ಮಗು ಹೇಳಲ್ಲ. ಚಪ್ಪಲಿ ಹೇಳುತ್ತೆ, ನಿದ್ದೆ ಹೇಳುತ್ತೆ, ಎತ್ತರ ಹೇಳುತ್ತೆ. ಎಲ್ಲರ ಹಾಗೆ ಡಾಕ್ಟರಾಗಿ, ಆಮೇಲೆ ಮತ್ತೆ ಕೆಲವು ವರ್ಷ ಬರೀ ಮಕ್ಕಳ ವಿಷಯನೇ ಓದಿದ್ದೀನಿ. ನಿಮ್ಮ ಎದೆ ನಿಮಿಷಕ್ಕೆ ಎಪ್ಪತ್ತೆಂಬತ್ತು ಸಲ ಬಡಿದ್ರೆ ಸರಿ. ಆಗ ತಾನೇ ಹುಟ್ಟಿದ ಕೂಸಿಗೆ ಅಷ್ಟೇ ಬಡಿದ್ರೆ ನಾನು ಓಡಬೇಕು. ಅದಕ್ಕೆ ನೂರಿಪ್ಪತ್ತು, ನೂರಮೂವತ್ತು ಇರಬೇಕು. ಪ್ರತಿ ವಯಸ್ಸಿಗೂ ಸರಿ ಅನ್ನೋದು ಬೇರೆ ಬೇರೆ. ಅದನ್ನ ಓದೋದೇ ನಮ್ಮ ಕೆಲಸ.”

ಹೀಗೆಂದು ಒಂದು ಹಾಳೆ ತೆಗೆದರು. ಅದರಲ್ಲಿ ಎಡದಿಂದ ಬಲಕ್ಕೆ ಏರುವ ಬಾಗುಗೆರೆಗಳು. ಲಸಿಕೆ ಕಾರ್ಡಿನಲ್ಲಿ ಬರೆದಿದ್ದ ಹಳೆಯ ಎತ್ತರಗಳನ್ನು ಒಂದೊಂದಾಗಿ ಚುಕ್ಕಿ ಇಟ್ಟರು. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ಚುಕ್ಕಿಗಳು ನಡುಗೆರೆಯ ಪಕ್ಕದಲ್ಲೇ ಏರಿದವು. ಮೂರಕ್ಕೆ ತೊಂಬತ್ತನಾಲ್ಕು ಸೆಂಟಿಮೀಟರು. ಕಾರ್ಡು ಅಲ್ಲಿಗೆ ಮುಗಿದಿತ್ತು.

“ನಾಲ್ಕನೇ ವರ್ಷದ್ದು ಇದ್ದಿದ್ರೆ ಚೆನ್ನಾಗಿತ್ತು” ಎಂದರು.

“ಎತ್ತರ ಇಲ್ಲ ಡಾಕ್ಟ್ರೇ. ಫ್ರಾಕಿನದು ಇದೆ” ಎಂದು ಅವಳು ಅಳತೆ ಪುಸ್ತಕ ಮುಂದಿಟ್ಟಳು. ಒಂದೇ ಅಳತೆಯಲ್ಲಿ ಮೂರು ಫ್ರಾಕು ಹೊಲಿದ ಕಥೆಯನ್ನೂ ತಲೆ ತಗ್ಗಿಸಿ ಹೇಳಿದಳು.

ಡಾಕ್ಟರು ಪುಟ ನೋಡಿದರು. “ಅಮ್ಮಾ, ಇಷ್ಟು ಚೊಕ್ಕ ದಾಖಲೆ ಯಾರೂ ತಂದಿರಲಿಲ್ಲ. ಹೋದ ವರ್ಷದ ಫ್ರಾಕೂ ಇದೇ ಅಳತೆ ಅಂದ್ರೆ ಆಗಲೇ ನಿಂತಿತ್ತು.” ಕೊನೆಯ ಚುಕ್ಕಿ ಇಟ್ಟರು. ಐದಕ್ಕೆ ತೊಂಬತ್ತಾರು.

ಬಟ್ಟೆಯ ಮೇಲೆ ಬಾಗುಗೆರೆ ಎಳೆದು ಬದುಕುವವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೂರು ಚುಕ್ಕಿ ಏರಿವೆ. ನಾಲ್ಕನೆಯದು ಎಲ್ಲಕ್ಕಿಂತ ಕೆಳಗಿನ ಗೆರೆಗೂ ಕೆಳಗೆ ಒಂಟಿಯಾಗಿ ಬಿದ್ದಿದೆ.

“ನನ್ನಿಂದ ಹೀಗಾಯ್ತಾ?” ಎಂದಳು.

“ಇಲ್ಲ. ನೀವು ಕೊಟ್ಟಿದ್ದರಿಂದಲೂ ಅಲ್ಲ, ಕೊಡದೇ ಇದ್ದಿದ್ದರಿಂದಲೂ ಅಲ್ಲ.” ಅವರು ಬೊಂಬೆಯ ಕುತ್ತಿಗೆಯ ಮುಂಭಾಗವನ್ನು ಎರಡು ಬೆರಳಲ್ಲಿ ಮೆತ್ತಗೆ ಮುಟ್ಟಿ ನೋಡುತ್ತಿದ್ದರು. “ಇಲ್ಲೊಂದು ಗ್ರಂಥಿ ಇದೆ, ಥೈರಾಯ್ಡ್ ಅಂತ. ಮೈ ಬೆಳೆಯೋಕೆ, ಚುರುಕಾಗಿರೋಕೆ ಅದರ ರಸ ಬೇಕು. ಕೆಲವು ಮಕ್ಕಳಿಗೆ ಅದು ನಿಧಾನಕ್ಕೆ ಕಡಿಮೆಯಾಗುತ್ತೆ. ಆಗ ಎಲ್ಲವೂ ಮಂದ. ಬೆಳವಣಿಗೆ ಮಂದ, ಹೊಟ್ಟೆ ಮಂದ, ಆಟ ಮಂದ. ನನ್ನ ಅನುಮಾನ ಅದು. ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ.”

“ನಮ್ಮ ಬೀದಿ ಡಾಕ್ಟರಿಗೆ ಯಾಕೆ ತಿಳೀಲಿಲ್ಲ?”

“ನೀವು ಅವರಿಗೆ ತೋರಿಸಿದ್ದು ಹೊಟ್ಟೆ. ಎತ್ತರ ತೋರಿಸಿರಲಿಲ್ಲವಲ್ಲ. ಆದ್ರೆ ಅಜ್ಜಿ ಮಾತ್ರೆ ಇವತ್ತಿಗೇ ನಿಲ್ಲಬೇಕು. ದೊಡ್ಡವರ ಮಾತ್ರೆ ಮುರಿದ ಮಾತ್ರಕ್ಕೆ ಮಕ್ಕಳದ್ದಾಗಲ್ಲ.”

ನಾಲ್ಕನೇ ದಿನ ವರದಿ ಬಂತು. ಡಾಕ್ಟರ ಅನುಮಾನ ನಿಜವಾಗಿತ್ತು. ಬೊಂಬೆಯ ತೂಕ ನೋಡಿ, ಲೆಕ್ಕ ಹಾಕಿ ಮಾತ್ರೆ ಬರೆದರು. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಒಂದು ಚಮಚ ನೀರಲ್ಲಿ ಪುಡಿ ಮಾಡಿ ಕೊಡಬೇಕು. ಹಾಲು, ತಿಂಡಿ ಅರ್ಧ ಗಂಟೆ ಬಿಟ್ಟು. ಒಂದು ದಿನವೂ ತಪ್ಪಿಸಬಾರದು. ಹೇಳಿದ ದಿನ ಬಂದು ಮತ್ತೆ ರಕ್ತ ಕೊಡಬೇಕು. ಕಳೆದ ಎತ್ತರ ಎಷ್ಟು ವಾಪಸು ಬರುತ್ತದೆ ಎಂದು ಈಗಲೇ ಮಾತು ಕೊಡಲಾರೆ ಎಂದೂ ಹೇಳಿದರು. ಆದರೆ ಇನ್ನಷ್ಟು ತಡವಾಗಿದ್ದರೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಬೆಳಿಗ್ಗೆ ಬೇಗ ಏಳುವವರು ಅತ್ತೆ. ಮಾತ್ರೆ ಕೊಡುವ ಕೆಲಸ ಅವರಿಗೇ ಬಂತು. “ಇಷ್ಟು ಸಣ್ಣ ಕಾಳು! ಇದು ಏನು ಬೆಳೆಸುತ್ತೆ?” ಎಂದು ಹೇಳುತ್ತಲೇ ಕೊಟ್ಟರು.

ಮೂರನೇ ವಾರ ಬೊಂಬೆ ತಾನಾಗಿ ಇನ್ನೊಂದು ತುಂಡು ಬ್ರೆಡ್ಡು ಕೇಳಿದಳು. ಹೊಟ್ಟೆ ಕಟ್ಟುವುದು ನಿಂತಿತು. ಆಮೇಲೆ ಒಂದು ದಿನ ಮೇಜಿನ ಕೆಳಗಿಂದ ಹೊರಬಂದು, “ಅಮ್ಮ, ಯಂತ್ರ ಯಾಕೆ ಕೂಗುತ್ತೆ?” ಎಂದಳು. ಟೈಲರಕ್ಕ ತುಳಿಯುವುದನ್ನೇ ಮರೆತಳು.

ಅಲ್ಲಿಂದ ಹಿಡಿಯುವವರಿಲ್ಲ. ಸೂಜಿಗೆ ಒಂದೇ ಕಣ್ಣು ಯಾಕೆ? ಅಜ್ಜಿಗೆ ಹಲ್ಲು ಯಾಕಿಲ್ಲ? ಗುಂಡಿಗೆ ನಾಲ್ಕು ತೂತು ಯಾಕೆ, ಐದು ಯಾಕಿಲ್ಲ? ಒಂದು ಮಧ್ಯಾಹ್ನ ದಾರದ ಉಂಡೆ ಬಿಚ್ಚಿ ಕುರ್ಚಿ, ಮೇಜು, ಅಜ್ಜಿಯ ಕಾಲು ಎಲ್ಲ ಸೇರಿಸಿ ಸುತ್ತಿದಳು. ಇನ್ನೊಂದು ದಿನ ಗಿರಾಕಿಯ ಪ್ಯಾಂಟಿಗೆ ಕತ್ತರಿ ಹಾಕಿದಳು.

“ಬೀದಿಯವರೆಲ್ಲ ನಗ್ತಿದ್ದಾರೆ ಕಣೇ!” ಎಂದು ಅತ್ತೆ ಕೂಗಾಡಿದರು. “ಬಂಗಾರದಂಥ ಮಗೂನ ಆ ಡಾಕ್ಟರು ಕೆಡಿಸಿಬಿಟ್ರು.”

ಮಾತು ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ವಾರದ ಮೇಲೆ ಟೈಲರಕ್ಕ ಮಾತ್ರೆ ಡಬ್ಬಿ ನೋಡಿದಳು. ಎಣಿಸಿದಳು. ಮೂರು ಹೆಚ್ಚಿತ್ತು.

“ಅತ್ತೆ?”

“ಹೌದು, ಮೂರು ದಿನ ಕೊಟ್ಟಿಲ್ಲ. ಏನೀಗ? ಮಾತ್ರೆ ಜಾಸ್ತಿಯಾಗಿ ತಲೆಗೇರಿದೆ. ಗಾಳಿ ಹಿಡಿದ ಹಾಗೆ ಆಡ್ತಾಳೆ. ನಾನು ಅವಳ ಅಜ್ಜಿ, ಶತ್ರು ಅಲ್ಲ.”

ಟೈಲರಕ್ಕ ದನಿ ಎತ್ತುವವಳಲ್ಲ. ಅತ್ತೆಯೆದುರಂತೂ ಎತ್ತಿದ್ದೇ ಇಲ್ಲ. ಅವತ್ತು ಎತ್ತಿದಳು. “ಶತ್ರು ಅಂತ ಯಾರು ಹೇಳಿದ್ರು? ನಿಮಗೆ ಅನುಮಾನ ಇದ್ರೆ ಡಾಕ್ಟರನ್ನೇ ಕೇಳಿ. ಅಡುಗೆಮನೇಲಿ ನಿಂತು ನೀವೇ ತೀರ್ಮಾನ ಮಾಡಬೇಡಿ. ಚಪ್ಪಲಿ ಹಾಕ್ಕೊಳ್ಳಿ, ಈಗಲೇ ಹೋಗೋಣ.”

ಅತ್ತೆ ಸೊಸೆಯ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ಚಪ್ಪಲಿ ಹುಡುಕಿದರು.

ಮಕ್ಕಳ ಡಾಕ್ಟರು ಅತ್ತೆಯ ದೂರನ್ನು ಪೂರ್ತಿ ಕೇಳಿದರು. ನಗಲಿಲ್ಲ. “ಅಜ್ಜಿ, ನಿಮ್ಮ ಅನುಮಾನ ದಡ್ಡತನ ಅಲ್ಲ. ಈ ಮಾತ್ರೆ ಜಾಸ್ತಿಯಾದ್ರೆ ಮಗು ಚಡಪಡಿಸುತ್ತೆ, ನಿದ್ದೆ ಬರಲ್ಲ, ಎದೆ ಹೊಡ್ಕೊಳ್ಳುತ್ತೆ. ಕೇಳಬೇಕಾದ್ದೇ. ಆದ್ರೆ ನಿಲ್ಲಿಸೋ ಮುಂಚೆ ಕೇಳಬೇಕಿತ್ತು. ಹೋದ ವಾರವೇ ರಕ್ತ ಕೊಟ್ಟಿದ್ದಾಳೆ, ನೋಡೋಣ.” ವರದಿ ತೆರೆದರು. ಬೊಂಬೆಯ ಎದೆಬಡಿತ ಎಣಿಸಿದರು. ನಿದ್ದೆ ಬಗ್ಗೆ ಕೇಳಿದರು. ಹಲಗೆಗೆ ನಿಲ್ಲಿಸಿದರು. ಈ ಸಲ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು.

“ಮಾತ್ರೆ ಸರಿಯಾಗಿದೆ. ಒಂದು ಕಾಳೂ ಹೆಚ್ಚಿಲ್ಲ. ಮೂರು ತಿಂಗಳಲ್ಲಿ ಎರಡೂವರೆ ಸೆಂಟಿಮೀಟರ್ ಏರಿದ್ದಾಳೆ. ಎರಡು ವರ್ಷದಲ್ಲಿ ಏರದಿದ್ದಷ್ಟು.”

“ಮತ್ತೆ ಈ ತುಂಟತನ? ಅದು ಯಾವ ಕಾಯಿಲೆ?”

ಡಾಕ್ಟರು ಉತ್ತರ ಕೊಡುವ ಮೊದಲೇ ಅವರ ಮೇಜಿನ ಕೆಳಗಿಂದ ಒಂದು ದನಿ ಬಂತು. “ಡಾಕ್ಟ್ರೇ, ನಿಮ್ಮ ಒಂದು ಕಾಲುಚೀಲ ನೀಲಿ, ಒಂದು ಕಪ್ಪು. ಯಾಕೆ?”

ಡಾಕ್ಟರು ಬಗ್ಗಿ ನೋಡಿದರು. ನಿಜ. ಬೆಳಗ್ಗಿನಿಂದ ಐವತ್ತು ಜನ ಆ ಕೋಣೆಗೆ ಬಂದು ಹೋಗಿದ್ದರು. ಯಾರಿಗೂ ಕಂಡಿರಲಿಲ್ಲ. ಅವರು ಜೋರಾಗಿ ನಕ್ಕರು. ಅತ್ತೆಗೂ ನಗು ಬಂತು. ಆ ನಗು ಎಲ್ಲೋ ನಡುವೆ ತಿರುಗಿ ಅಳುವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಎರಡು ವರ್ಷ ಇವಳು ಎಲ್ಲಿದ್ಲು ಡಾಕ್ಟ್ರೇ?”

“ಇಲ್ಲೇ ಇದ್ಲು ಅಜ್ಜಿ. ಇದೆಲ್ಲ ಕೇಳೋಕೆ ಮೈಯಲ್ಲಿ ಶಕ್ತಿ ಇರಲಿಲ್ಲ, ಅಷ್ಟೇ.”

ಅತ್ತೆ ಬಗ್ಗಿ ಮೇಜಿನ ಕೆಳಗೆ ಕೈ ಚಾಚಿದರು. “ಬಾರೇ ತರಲೆ. ಮನೆಗೆ ಹೋಗೋಣ. ಏನೇನು ಕೇಳಬೇಕೋ ದಾರಿಯಲ್ಲಿ ನನ್ನನ್ನ ಕೇಳು.”

ಓದುವವರೇ, ಕೇಳುವವರೇ, ಇದನ್ನು ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿ. ಮನೆಯ ಮಗುವನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯ ನೇರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಲಸಿಕೆ ಮುಗಿಯಿತೆಂದು ಕಾರ್ಡನ್ನು ಎಸೆಯಬೇಡಿ. ಎತ್ತರ, ತೂಕವನ್ನು ಅದರಲ್ಲೇ ಬರೆಸುತ್ತಿರಿ. ಆರು ತಿಂಗಳಾದರೂ ಗೆರೆ ಮೇಲೇರದಿದ್ದರೆ, ಆಡುತ್ತಿದ್ದ ಮಗು ಆಟ ಬಿಟ್ಟರೆ, ಸದಾ ನಿದ್ದೆ, ಸದಾ ಚಳಿ, ಹೊಟ್ಟೆ ಕಟ್ಟುವುದು ಕಂಡರೆ ಮಕ್ಕಳ ಡಾಕ್ಟರ ಬಳಿ ಹೋಗಿ. ಕುಳ್ಳಗಿರುವ ಮಕ್ಕಳಿಗೆಲ್ಲ ಕಾಯಿಲೆ ಇರುವುದಿಲ್ಲ. ಕಾಯಿಲೆ ಇಲ್ಲವೆಂದು ಡಾಕ್ಟರ ಬಾಯಿಂದ ಕೇಳಿಬಂದರೆ ಅದೂ ಲಾಭವೇ. ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡಬೇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅನುಮಾನ ಬಂದರೆ ನಾಚದೆ ಕೇಳಿ, ಪ್ರಶ್ನೆ ಎಷ್ಟೇ ಚಿಕ್ಕದಿರಲಿ. ಮಕ್ಕಳ ಡಾಕ್ಟರು ಇರುವುದೇ ಅದಕ್ಕೆ. ಮಗು ಸುಮ್ಮನಿದೆ ಎಂದು ಯಾರಾದರೂ ಹೊಗಳಿದರೆ ಸಂತೋಷಪಡಿ, ಆದರೆ ಯಾಕೆ ಸುಮ್ಮನಿದೆ ಎಂದು ಅವತ್ತೇ ಒಮ್ಮೆ ನೋಡಿ.